ದಿಮ್ಮಿಯ ಅಣಬೆ, ಬೇರಿನ ಹುಳು

ಕಳೆದ ತಿಂಗಳು ನಮ್ಮ ಹಿತ್ತಲಿನ ಟೊಮೆಟೊ ಗಿಡಗಳು ಮಧ್ಯಾಹ್ನವಾದರೆ ಸಾಕು, ಬಾಡಿ ನಿಲ್ಲತೊಡಗಿದವು. ನೆಲ ಒದ್ದೆಯಾಗಿಯೇ ಇತ್ತು. ಪಕ್ಕದಲ್ಲಿ ಬಿದ್ದಿದ್ದ ಮಾವಿನ ದಿಮ್ಮಿಯ ಮೇಲೆ ಬೀಸಣಿಗೆಯಂಥ ಬಿಳಿ ಚಿಪ್ಪಣಬೆಗಳು ಎದ್ದಿದ್ದವು. "ಎಲ್ಲಾ ಇದರದೇ ಕೆಲಸ" ಎಂದು ನಾನು ದಿಮ್ಮಿಯನ್ನು ಎಸೆಯಲು ಹೊರಟೆ. ತಂಗಿಯ ಮಗಳು ತಡೆದಳು. "ಮಾಮ, ಮೊದಲು ಒಂದು ಗಿಡ ಕಿತ್ತು ನೋಡೋಣ."

ಕಿತ್ತೆವು. ಬೇರಿನ ತುಂಬ ಗಂಟುಗಳು! "ಅವರೆ ಗಿಡದ ಬೇರಲ್ಲೂ ಗಂಟು ಇರುತ್ತಲ್ಲ?" ಎಂದಳು.

ಇರುತ್ತವೆ, ಮಕ್ಕಳೇ. ಆದರೆ ಅವು ಗಿಡಕ್ಕೆ ಸಾರಜನಕ ಒದಗಿಸುವ ಬ್ಯಾಕ್ಟೀರಿಯಾಗಳ ಮನೆ. ಬೇರಿನ ಪಕ್ಕಕ್ಕೆ ಅಂಟಿಕೊಂಡಿರುತ್ತವೆ, ಉಜ್ಜಿದರೆ ಕಳಚಿ ಬರುತ್ತವೆ. ಇಲ್ಲಿ ಬೇರೇ ಊದಿಕೊಂಡಿತ್ತು. ಇದು ಬೇರುಗಂಟು ಜಂತುಹುಳುವಿನ ಕೆಲಸ.

ಇದರ ಮರಿ ಅರ್ಧ ಮಿಲಿಮೀಟರಿನಷ್ಟೂ ಉದ್ದವಿಲ್ಲ. ಬೇರಿನ ತುದಿಯ ಬಳಿ ಒಳಹೊಕ್ಕು, ಬಾಯಲ್ಲಿರುವ ಸೂಜಿಯಿಂದ ಜೀವಕೋಶಗಳನ್ನು ಚುಚ್ಚಿ, ಅವು ದೈತ್ಯವಾಗಿ ಬೆಳೆಯುವಂತೆ ಮಾಡುತ್ತದೆ. ಹೆಣ್ಣು ಹುಳು ಅಲ್ಲೇ ಊದಿಕೊಂಡು, ಕೂತಲ್ಲೇ ಉಣ್ಣುತ್ತ, ನೂರಾರು ಮೊಟ್ಟೆ ಇಡುತ್ತದೆ. ನೀರು ಮೇಲೇರದೆ ಗಿಡ ಬಾಡುತ್ತದೆ.

ಚಿಪ್ಪಣಬೆಯ ದಾರಿಯೇ ಬೇರೆ. ಅದಕ್ಕೆ ಬಾಯಿಲ್ಲ. ನೂಲಿನಂಥ ಎಳೆಗಳನ್ನು ಸತ್ತ ಮರದೊಳಗೆ ಹರಡಿ, ರಸ ಸುರಿಸಿ, ಕಟ್ಟಿಗೆಯನ್ನು ಕರಗಿಸಿ ಹೀರುತ್ತದೆ. ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಕೂಡ ಅದರ ಮುಂದೆ ನಿಲ್ಲದು. ಬಿದ್ದ ಮರ ಮತ್ತೆ ಮಣ್ಣಾಗುವುದು ಇಂಥ ಶಿಲೀಂಧ್ರಗಳಿಂದ.

ಒಂದು ಜೀವಂತ ಬೇರನ್ನು ಹೀರುತ್ತದೆ, ಇನ್ನೊಂದು ಸತ್ತ ಮರವನ್ನು ಉಣ್ಣುತ್ತದೆ. ಆದರೆ ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಕಟ್ಟಿಗೆಯಲ್ಲಿ ಸಾರಜನಕ ಬಹಳ ಕಡಿಮೆ. ಹಾಗಾಗಿ ಚಿಪ್ಪಣಬೆ ಬೇಟೆಗೂ ಇಳಿಯುತ್ತದೆ! ಅದರ ಎಳೆಗಳ ಮೇಲೆ ಪುಟ್ಟ ವಿಷದ ಗುಳ್ಳೆಗಳಿರುತ್ತವೆ. ಓಡಾಡುವ ಜಂತುಹುಳು ಅವಕ್ಕೆ ತಾಗಿದರೆ ಕೆಲವೇ ನಿಮಿಷಗಳಲ್ಲಿ ಅಲುಗಾಡದಂತಾಗುತ್ತದೆ. ಆಗ ಎಳೆಗಳು ಅದರೊಳಗೆ ನುಗ್ಗಿ ತಿಂದುಹಾಕುತ್ತವೆ. ಕೆನಡಾದ ಇಬ್ಬರು ವಿಜ್ಞಾನಿಗಳು 1984ರಲ್ಲಿ ಇದನ್ನು ಜಗತ್ತಿಗೆ ತಿಳಿಸಿದರು.

ನಾನು ಕಳ್ಳನೆಂದು ಎಸೆಯಹೊರಟಿದ್ದು ಜಂತುಹುಳುಗಳ ಬೇಟೆಗಾರನನ್ನೇ!

ಹಾಗಂತ ಅದು ನಮ್ಮ ಟೊಮೆಟೊವನ್ನು ಉಳಿಸಲಿಲ್ಲ. ಬೇರಿನೊಳಗೆ ಅಡಗಿದ ಹುಳು ದಿಮ್ಮಿಯ ಅಣಬೆಗೆ ಸಿಗುವುದಿಲ್ಲ. ಗಿಡಗಳನ್ನು ಬೇರುಸಮೇತ ಕಿತ್ತು ಸುಟ್ಟೆವು. ಮಣ್ಣನ್ನು ಅಗೆದು ಬಿಸಿಲಿಗೆ ಬಿಟ್ಟು, ಬೇವಿನ ಹಿಂಡಿ ಬೆರೆಸಿ, ಈಗ ಚೆಂಡುಹೂವಿನ ಸಸಿ ನೆಟ್ಟಿದ್ದೇವೆ. ದಿಮ್ಮಿ ಇದ್ದಲ್ಲೇ ಇದೆ. ಅಣಬೆಯನ್ನು ನೋಡುತ್ತೇವೆ ಅಷ್ಟೇ. ತಾನಾಗಿ ಎದ್ದ ಅಣಬೆಯನ್ನು ಗೊತ್ತಿಲ್ಲದೆ ತಿನ್ನಬಾರದು.

ನಿಮ್ಮ ಹಿತ್ತಲಲ್ಲಿ ಗಿಡ ಬಾಡಿದರೆ, ಕಣ್ಣಿಗೆ ಕಂಡವರನ್ನು ದೂರುವ ಮೊದಲು ಒಮ್ಮೆ ಬೇರನ್ನು ನೋಡಿ.