ಹುದುಗಿದ ಹಲ್ಲು, ಕೀವಾದ ಬೇರು

ಹಲ್ಲುನೋವು ಬಂದು ಹೋಗುವುದನ್ನು ನೆಗಡಿ ಬಂದು ಹೋಗುವುದರೊಡನೆ ಸೇರಿಸಿ ಎಣಿಸುವ ವಾಡಿಕೆ ನಮ್ಮ ಗೃಹಸ್ಥರಲ್ಲಿ ಉಂಟು. ನೆಗಡಿಯು ಔಷಧವಿಲ್ಲದೆಯೂ ವಾಸಿಯಾಗುವುದು. ಹಲ್ಲಿನ ಬೇರಿನಲ್ಲಿ ನೆಲೆಸಿದ ಕೀವು ಹಾಗೆ ವಾಸಿಯಾಗತಕ್ಕದ್ದಲ್ಲ. ಅದು ಸುಮ್ಮನಾಗುತ್ತದೆ, ಅಷ್ಟೆ. ಸುಮ್ಮನಾದುದಕ್ಕೂ ವಾಸಿಯಾದುದಕ್ಕೂ ಇರುವ ಅಂತರವನ್ನು ಅರಿಯದೆ ಹೊಸಪೇಟೆ, ಕಂಪ್ಲಿ, ಸಂಡೂರಿನ ಕಡೆಯ ಎಷ್ಟೋ ಮನೆಗಳಲ್ಲಿ ಒಂದೇ ಹಲ್ಲಿಗಾಗಿ ವರ್ಷಕ್ಕೆ ಮೂರು ನಾಲ್ಕು ಸಾರಿ ಔಷಧದಂಗಡಿಯ ಮಾತ್ರೆಯನ್ನು ನುಂಗುವುದು ನಡೆದಿದೆ. ಈ ತಿಂಗಳು ಆ ವಿಷಯವನ್ನೇ ಕುರಿತು ಬರೆಯಬೇಕೆಂದಿದ್ದೇನೆ.

ಸಂಸ್ಕೃತದಲ್ಲಿ ಹಲ್ಲಿಗೆ ‘ದ್ವಿಜ’ವೆಂಬ ಹೆಸರುಂಟು, ಎರಡು ಸಲ ಹುಟ್ಟುವುದೆಂದು ಅರ್ಥ. ಆದರೆ ೩೨ ಹಲ್ಲುಗಳಲ್ಲಿ ೨೦ ಮಾತ್ರ ಈ ಹೆಸರಿಗೆ ತಕ್ಕವು. ಉಳಿದ ೧೨ ದವಡೆಹಲ್ಲುಗಳು ಒಮ್ಮೆಯೇ ಹುಟ್ಟತಕ್ಕವು. ಅವುಗಳಲ್ಲಿ ಕಟ್ಟಕಡೆಯ ನಾಲ್ಕು, ಸಾಮಾನ್ಯವಾಗಿ ೧೭ರಿಂದ ೨೫ ವರ್ಷದೊಳಗೆ ತಲೆದೋರುವುದರಿಂದ, ಬುದ್ಧಿಹಲ್ಲುಗಳೆನಿಸಿಕೊಂಡಿವೆ. (ಬುದ್ಧಿಯು ಹಲ್ಲಿನೊಡನೆ ಬರುವುದೆಂಬುದಕ್ಕೆ ಅಷ್ಟು ವರ್ಷ ಪಾಠ ಹೇಳಿದ ನನಗೆ ಪ್ರಮಾಣವೊಂದೂ ಸಿಕ್ಕಲಿಲ್ಲ.) ಅಷ್ಟು ಹೊತ್ತಿಗೆ ದವಡೆಯಲ್ಲಿ ಸ್ಥಳವು ಮುಗಿದಿದ್ದರೆ, ತಡವಾಗಿ ಬಂದ ಈ ಹಲ್ಲು ಎಲುಬಿನೊಳಗೇ ಹುದುಗಿ ಉಳಿಯುತ್ತದೆ, ಇಲ್ಲವೆ ಓರೆಯಾಗಿ ಮಲಗಿ ಮುಂದಿನ ಹಲ್ಲನ್ನು ಒತ್ತುತ್ತದೆ. ಅರ್ಧ ಹೊರಬಂದು ಅರ್ಧ ನಿಂತುಹೋದ ಹಲ್ಲೇ ಹೆಚ್ಚು ತೊಂದರೆ ಕೊಡುವುದು. ಅದರ ಮೇಲೆ ಮುಚ್ಚಿಕೊಂಡಿರುವ ಒಸಡಿನ ಕೆಳಗೆ ಅನ್ನದ ಅಗುಳು, ರೊಟ್ಟಿಯ ಚೂರು ಸೇರಿ ಕೊಳೆಯುವುದು, ಒಸಡು ಬಾಯುವುದು, ಬಾಯಿ ತೆರೆಯಲಾಗದು.

ಇದು ಹೊಸ ಕಾಲದ ರೋಗವೆಂದು ತಿಳಿಯಬಾರದು. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ‘ಅಧಿಮಾಂಸಕ’ವೆಂಬ ರೋಗವನ್ನು ಹೇಳಿದೆ: ದವಡೆಯ ಕೊನೆಯ ಹಲ್ಲಿನ ಬಳಿ ದೊಡ್ಡ ಬಾವು, ಬಲವಾದ ನೋವು, ಜೊಲ್ಲು ಸುರಿಯುವುದು. ಇಂದಿನ ದಂತವೈದ್ಯರು ಬುದ್ಧಿಹಲ್ಲಿನ ಬಾವನ್ನು ವರ್ಣಿಸುವುದೂ ಹೆಚ್ಚುಕಡಮೆ ಹೀಗೆಯೇ. ಬೇರಿನ ಕೀವಿಗೂ ಅಲ್ಲಿ ಹೆಸರುಂಟು: ‘ದಂತನಾಡಿ’. ಬೇರಿನಿಂದ ಹೊರಟ ಕೀವು ಒಸಡನ್ನು ಕೊರೆದು ಮಾಡಿಕೊಳ್ಳುವ ಕಿಂಡಿ ಅದು. ಅಂಥ ಹಲ್ಲನ್ನು ಉಪೇಕ್ಷಿಸಿದರೆ ಆ ದಾರಿಯು ದವಡೆಯ ಎಲುಬನ್ನೇ ಭೇದಿಸುವುದರಿಂದ ಹಲ್ಲನ್ನು ಬೇರುಸಹಿತ ತೆಗೆಯತಕ್ಕದ್ದೆಂದು ಚಿಕಿತ್ಸಾಸ್ಥಾನದಲ್ಲಿ ವಿಧಿಸಿದೆ. ಒಸಡಿನ ಮೇಲೆ ಸಣ್ಣ ಗುಳ್ಳೆಯೊಂದು ಎದ್ದು, ಒಡೆದು, ಮತ್ತೆ ಏಳುತ್ತಿದ್ದರೆ ನೋವಿಲ್ಲವೆಂದು ಸಂತೋಷಪಡುವವರು ಇದನ್ನು ಗಮನಿಸಬೇಕು. ಕೀವಿಗೆ ಹೊರದಾರಿ ಸಿಕ್ಕಿದೆಯಾದಕಾರಣ ನೋವಿಲ್ಲ. ಕೀವು ಇದ್ದೇ ಇದೆ.

ಅದೇ ಗ್ರಂಥದಲ್ಲಿ ಇನ್ನೊಂದು ಮಾತೂ ಇದೆ. ಮೇಲಿನ ಸಾಲಿನ ಹಲ್ಲನ್ನು, ಅಲ್ಲಾಡುತ್ತಿದ್ದರೂ, ಕೀಳಬಾರದು. ಕಿತ್ತರೆ ರಕ್ತವು ವಿಪರೀತವಾಗಿ ಹೋಗಿ ಕಣ್ಣು ಕುರುಡಾಗುವುದು, ಮುಖ ಸೊಟ್ಟಗಾಗುವುದು ಎಂದು. ಮೇಲಿನ ಹಲ್ಲು ಕೀಳಿಸಿದರೆ ದೃಷ್ಟಿ ಹೋಗುತ್ತದೆಂದು ನಮ್ಮ ಮನೆಗಳ ಹಿರಿಯರು ಈಗಲೂ ಹೇಳುವರಷ್ಟೆ; ಆ ಮಾತು ಎಷ್ಟು ಹಳೆಯದೆಂಬುದು ಇದರಿಂದ ತಿಳಿಯುವುದು. ಮರಗಟ್ಟಿಸುವ ಸೂಜಿ, ಕ್ಷಕಿರಣದ ಚಿತ್ರ ಯಾವುದೂ ಇಲ್ಲದ ಕಾಲದಲ್ಲಿ ವೈದ್ಯನು ಅಷ್ಟು ಎಚ್ಚರದಿಂದ ಇದ್ದುದು ಸರಿಯೇ. ಆದರೆ ಹಲ್ಲಿನ ನೋವನ್ನು ತಿಳಿಸುವ ನರ ಬೇರೆ, ನೋಟದ ನರ ಬೇರೆ. ಇಂದು ಮೇಲಿನ ಹಲ್ಲನ್ನು ವಿಧಿವತ್ತಾಗಿ ತೆಗೆಸಿಕೊಂಡರೆ ಕಣ್ಣಿಗೆ ಹಾನಿಯಿಲ್ಲ. ಪ್ರಾಚೀನರ ಮೇಲಿನ ಗೌರವವೆಂದರೆ ಅವರ ಎಚ್ಚರವನ್ನು ಉಳಿಸಿಕೊಳ್ಳುವುದು. ಅವರಿಗಿದ್ದ ಭಯವನ್ನೆಲ್ಲ ಉಳಿಸಿಕೊಳ್ಳಬೇಕಾಗಿಲ್ಲ.

ನೋವಿನ ಭಯವೂ ಹಾಗೆಯೇ. ೧೮೪೬ರಲ್ಲಿ ಬಾಸ್ಟನ್ ನಗರದಲ್ಲಿ ಈಥರಿನಿಂದ ರೋಗಿಯ ಪ್ರಜ್ಞೆ ತಪ್ಪಿಸಿ ಶಸ್ತ್ರಕ್ರಿಯೆಗೆ ದಾರಿ ತೋರಿಸಿದ ಮಾರ್ಟನ್ ಎಂಬವನು ದಂತವೈದ್ಯನೇ. ಈಗ ಪ್ರಜ್ಞೆ ತಪ್ಪಿಸುವುದೂ ಬಹುಮಟ್ಟಿಗೆ ಬೇಕಾಗುವುದಿಲ್ಲ. ೧೯೪೩ರಲ್ಲಿ ಸ್ವೀಡನ್ ದೇಶದಲ್ಲಿ ಸಿದ್ಧಪಡಿಸಿದ ಲಿಗ್ನೊಕೇನ್ ಔಷಧವನ್ನು ಸೂಜಿಯಿಂದ ಕೊಟ್ಟು ಆ ಭಾಗವನ್ನಷ್ಟೇ ಮರಗಟ್ಟಿಸುವರು. ಬಳಿಕ ಒಸಡನ್ನು ಕೊಯ್ದು ಸರಿಸಿ, ಅಡ್ಡವಿರುವ ಎಲುಬನ್ನು ಸ್ವಲ್ಪ ತೆಗೆದು, ಹುದುಗಿದ ಹಲ್ಲನ್ನು ಬೇಕಾದರೆ ಎರಡು ಮೂರು ತುಂಡು ಮಾಡಿ ಹೊರತೆಗೆದು, ಹೊಲಿಗೆ ಹಾಕುವರು.

ಹುದುಗಿದ ಹಲ್ಲೆಲ್ಲವನ್ನೂ ತೆಗೆಸಲೇಬೇಕೆಂದು ನಾನು ಹೇಳುತ್ತಿಲ್ಲ. ರೋಗವಿಲ್ಲದ ಬುದ್ಧಿಹಲ್ಲನ್ನು ಮುನ್ನೆಚ್ಚರಿಕೆಗೆಂದು ತೆಗೆಯಬಾರದೆಂದು ಇಂಗ್ಲೆಂಡಿನ ಆರೋಗ್ಯ ಸಂಸ್ಥೆಯವರು ೨೦೦೦ದಲ್ಲಿ ನಿಯಮ ಮಾಡಿದರು. ಪದೇ ಪದೇ ಬಾಯುತ್ತಿದ್ದರೆ, ಪಕ್ಕದ ಹಲ್ಲು ಹುಳುಕಾಗುತ್ತಿದ್ದರೆ, ಎಲುಬಿನೊಳಗೆ ನೀರುಗಂಟು ಬೆಳೆದಿದ್ದರೆ ಮಾತ್ರ ಕೈಹಾಕುವುದು ಯುಕ್ತ. ಏಕೆಂದರೆ ಕೆಳದವಡೆಯ ಎಲುಬಿನೊಳಗೆ, ಈ ಹಲ್ಲಿನ ಬೇರಿಗೆ ಸಮೀಪದಲ್ಲಿಯೇ, ತುಟಿ ಗದ್ದಗಳ ಸ್ಪರ್ಶಜ್ಞಾನವನ್ನು ಒಯ್ಯುವ ನರವು ಹಾದುಹೋಗುವುದು. ಅದಕ್ಕೆ ಪೆಟ್ಟಾದರೆ ತುಟಿ ಜೋಮುಗಟ್ಟುವುದು. ಅದು ಸಾಮಾನ್ಯವಾಗಿ ಕೆಲವು ವಾರ, ತಿಂಗಳುಗಳಲ್ಲಿ ಸರಿಹೋಗುವುದಾದರೂ ಅಪರೂಪಕ್ಕೆ ಹಾಗೆಯೇ ಉಳಿಯುವುದೂ ಉಂಟು. ಆದಕಾರಣ ದವಡೆಯ ಪೂರ್ಣ ಎಕ್ಸ್-ರೇ ತೆಗೆಸದೆ ಕೆಳಗಿನ ಬುದ್ಧಿಹಲ್ಲಿಗೆ ಇಕ್ಕಳ ಹಾಕುವೆನೆಂಬವರಿಂದ ದೂರವಿರುವುದೇ ಲೇಸು. ನೋಂದಣಿಯಾದ ದಂತವೈದ್ಯರಲ್ಲದವರ ಬಳಿ ಹೋಗಲೇಬಾರದೆಂಬುದನ್ನು ಬೇರೆ ಹೇಳಬೇಕಾಗಿಲ್ಲ; ನೋಂದಣಿಯ ನಿಯಮವು ೧೯೪೮ರ ಕಾಯಿದೆಯಿಂದಲೇ ಬಂದಿದೆ.

ಇನ್ನು ಬೇರಿನ ಹುಣ್ಣು. ‘ರೂಟ್ ಕೆನಾಲ್ ಮಾಡಿಸಿ ಟೋಪಿ ಹಾಕಿಸಿದ್ದೇನೆ, ಆದರೂ ಕೀವು ಬರುತ್ತದೆ, ದುಡ್ಡು ದಂಡವಾಯಿತು’ ಎಂದು ಗೊಣಗುವವರನ್ನು ಕಂಡಿದ್ದೇನೆ. ಹಲ್ಲಿನ ಬೇರಿನೊಳಗಿನ ನಾಳವು ಕೂದಲಿನಂತೆ ಸಣ್ಣದು, ಕವಲೊಡೆದದ್ದು. ಮೇಲಿನ ದವಡೆಹಲ್ಲಿಗೆ ಮೂರೇ ನಾಳವೆಂದು ಶುದ್ಧಮಾಡಿದ ಮೇಲೆ ನಾಲ್ಕನೆಯದೊಂದು ಒಳಗೆ ಅಡಗಿರುವುದು ಸಾಮಾನ್ಯ. ಟೋಪಿಯ ಅಂಚಿನಲ್ಲಿ ಜೊಲ್ಲು ಇಳಿದು ಕ್ರಿಮಿಗಳು ಮತ್ತೆ ಸೇರುವುದೂ ಉಂಟು. ಬೇರು ಬಿರುಕುಬಿಟ್ಟಿರುವುದೂ ಉಂಟು. ಬಿರುಕಿಗೆ ಕೀಳಿಸುವುದೊಂದೇ ಗತಿ. ಉಳಿದುವಕ್ಕೆ ಮೊದಲು ನಾಳವನ್ನು ಮರಳಿ ಶುದ್ಧಮಾಡುವರು. ಆಗದಿದ್ದರೆ ಒಸಡಿನ ಕಡೆಯಿಂದ ತೆರೆದು, ಬೇರಿನ ತುದಿಯನ್ನು ಸುಮಾರು ೩ ಮಿಲಿಮೀಟರಿನಷ್ಟು ಕತ್ತರಿಸಿ, ಸುತ್ತಣ ಕೊಳೆತ ಭಾಗವನ್ನು ಕೆರೆದು, ತುದಿಯನ್ನು ಕೆಳಗಿನಿಂದ ಮುಚ್ಚುವರು. ಇದಕ್ಕೆ ಯೋಗ್ಯವಾದ ಸಿಮೆಂಟು ಬಂದುದು ೧೯೯೦ರ ದಶಕದಲ್ಲಿ. ಸುಶ್ರುತನ ಕಾಲದಲ್ಲಿ ಕೀಳದೆ ಗತಿಯಿಲ್ಲದಿದ್ದ ಹಲ್ಲನ್ನು ಇಂದು ಹೀಗೆ ಉಳಿಸಿಕೊಳ್ಳಬಹುದಾಗಿದೆ.

ಮಾತ್ರೆಯು ಇದಕ್ಕೆ ಬದಲಾಗದು. ಸತ್ತ ಹಲ್ಲಿನೊಳಕ್ಕೆ ರಕ್ತವು ಹರಿಯುವುದಿಲ್ಲ. ರಕ್ತ ಹೋಗದೆಡೆಗೆ ಔಷಧವೂ ಹೋಗದು. ಕಂಪ್ಲಿಯ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಕೆಳಗಿನ ಬುದ್ಧಿಹಲ್ಲು ಎರಡು ಸಲ ಬಾತಿತ್ತು. ಎರಡು ಸಲವೂ ಮಾತ್ರೆಯಿಂದ ಇಳಿಯಿತು. ‘ನೋವು ನಿಂತೈತಲ್ಲ ಮೇಷ್ಟ್ರೇ, ಕಬ್ಬಿನ ಕಟಾವು ಮುಗೀಲಿ’ ಎಂದ. ಮೂರನೆಯ ಸಲ ಬಾವು ಗದ್ದದ ಕೆಳಕ್ಕೆ ಇಳಿಯಿತು, ನಾಲಗೆ ಮೇಲೆದ್ದಿತು, ಉಗುಳು ನುಂಗಲಾಗದೆ ರಾತ್ರೋರಾತ್ರಿ ಬಳ್ಳಾರಿಗೆ ಒಯ್ದರು. ಕುತ್ತಿಗೆಯನ್ನು ಕೊಯ್ದು ಕೀವು ತೆಗೆದರು. ಬದುಕಿದ. ಈ ರೋಗವನ್ನು ೧೮೩೬ರಲ್ಲಿ ಲುಡ್ವಿಗ್ ಎಂಬ ಜರ್ಮನ್ ವೈದ್ಯನು ವಿವರಿಸಿದನು. ಇದರಲ್ಲಿ ಸಾವು ಬರುವುದು ಉಸಿರು ಕಟ್ಟಿ. ಗದ್ದದ ಕೆಳಗೆ ಎರಡು ಕಡೆಯೂ ಗಟ್ಟಿಯಾದ ಬಾವು, ನುಂಗಲು ಕಷ್ಟ, ಮಾತು ತೊದಲುವುದು, ಜ್ವರ, ಇವು ಕಂಡರೆ ಬೆಳಗಾಗಲೆಂದು ಕಾಯಬಾರದು. ಬಾವಿಗೆ ಹೊರಗಿನಿಂದ ಬಿಸಿ ಶಾಖ ಕೊಡುವುದೂ ಒಸಡಿನ ಮೇಲೆ ಆಸ್ಪಿರಿನ್ ಮಾತ್ರೆ ಇಟ್ಟುಕೊಳ್ಳುವುದೂ ಕೂಡದು. ಆ ಮಾತ್ರೆ ಒಸಡನ್ನು ಸುಡುವುದು.

ಹೊಸಪೇಟೆಯಿಂದ ಬಳ್ಳಾರಿಗೆ ಸುಮಾರು ೬೦ ಕಿಲೋಮೀಟರು. ಅಲ್ಲಿ ಸರ್ಕಾರಿ ದಂತವೈದ್ಯ ಕಾಲೇಜು ಉಂಟು. ನೋವಿಲ್ಲದ ದಿನ, ಹಗಲು ಹೊತ್ತಿನಲ್ಲಿ, ಬಸ್ಸಿನಲ್ಲಿ ಕುಳಿತು ಹೋಗಬಹುದಾದ ದಾರಿಯನ್ನು ನಡುರಾತ್ರಿ ಆಂಬುಲೆನ್ಸಿನಲ್ಲಿ ಕ್ರಮಿಸಬೇಕೆ?

ನಮ್ಮ ಕಡೆಗೆ ವಿಶೇಷವಾದ ತೊಡಕೊಂದುಂಟು. ೧೪೪೩ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಯ ದೂತ ಅಬ್ದುರ್ ರಜಾಕನು ಇಲ್ಲಿಯ ತಾಂಬೂಲವನ್ನು ಹೊಗಳುತ್ತ, ಅದು ಹಲ್ಲನ್ನು ಗಟ್ಟಿಮಾಡುವುದೆಂದು ಬರೆದನು. ಅವನು ಹಂಪೆಯಲ್ಲಿ ಕಂಡ ತಾಂಬೂಲದಲ್ಲಿ ಹೊಗೆಸೊಪ್ಪು ಇರಲಿಲ್ಲ. ಅದು ಈ ದೇಶಕ್ಕೆ ಬಂದುದೇ ಆಮೇಲೆ. ಅಡಕೆಯನ್ನು ಸದಾ ಜಗಿಯುವುದರಿಂದ ಕೆನ್ನೆಯ ಒಳಚರ್ಮವು ಬಿಗಿದು ಬಾಯಿ ಎರಡು ಬೆರಳಿನಷ್ಟೂ ತೆರೆಯದಂತಾಗುವುದು. ಕರ್ನಾಟಕದಲ್ಲಿ ೨೦೧೩ರಲ್ಲಿ ಗುಟಕಾ ನಿಷೇಧವಾದರೂ, ಪಾನ್ ಮಸಾಲೆಯನ್ನೂ ತಂಬಾಕನ್ನೂ ಬೇರೆ ಬೇರೆ ಚೀಟಿಯಲ್ಲಿ ಕೊಂಡು ಬೆರೆಸಿಕೊಳ್ಳುವ ಚಾತುರ್ಯಕ್ಕೆ ಕೊರತೆಯಿಲ್ಲ. ತೆರೆಯದ ಬಾಯಲ್ಲಿ ಕೊನೆಯ ಹಲ್ಲಿಗೆ ಕೈ ಹೋಗುವುದೆಂತು?

ಮಧುಮೇಹವಿದ್ದವರೂ ರಕ್ತ ತೆಳುಮಾಡುವ ಮಾತ್ರೆಯನ್ನು ಸೇವಿಸುವವರೂ ಅದನ್ನು ಮೊದಲೇ ಡಾಕ್ಟರರಿಗೆ ತಿಳಿಸತಕ್ಕದ್ದು. ತಾವಾಗಿಯೇ ಮಾತ್ರೆ ನಿಲ್ಲಿಸಬಾರದು. ಶಸ್ತ್ರಕ್ರಿಯೆಯ ದಿನ ಉಗುಳುವುದು, ಮುಕ್ಕಳಿಸುವುದು, ಬೀಡಿ ಸಿಗರೇಟು ಸೇದುವುದು ಬೇಡ. ಗುಳಿಯಲ್ಲಿ ಹೆಪ್ಪುಗಟ್ಟಿದ ರಕ್ತವೇ ಅಲ್ಲಿಯ ಕಾವಲು. ಅದು ಕಿತ್ತುಹೋದರೆ ಮೂರನೆಯ ನಾಲ್ಕನೆಯ ದಿನ ಕಿವಿಯವರೆಗೆ ಹಬ್ಬುವ ನೋವು ಬರುವುದು. ಆಗ ಮತ್ತೆ ಡಾಕ್ಟರರಲ್ಲಿಗೆ ಹೋಗಿ ಔಷಧ ತುಂಬಿಸಬೇಕು. ಮೊದಲ ದಿನ ಆರಿದ ಗಂಜಿ, ಮೊಸರನ್ನ; ಮರುದಿನದಿಂದ ಉಗುರುಬೆಚ್ಚನೆಯ ಉಪ್ಪುನೀರು. ಜೋಳದ ರೊಟ್ಟಿಯೂ ಮಂಡಕ್ಕಿ ಮಿರ್ಚಿಯೂ ಒಂದು ವಾರ ಕಾದರೆ ಕೆಟ್ಟುಹೋಗುವುದಿಲ್ಲ. ಬೇರಿನ ತುದಿ ಕತ್ತರಿಸಿಕೊಂಡವರು ಆರು ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ಎಕ್ಸ್-ರೇ ತೆಗೆಸಿ ನೋಡಬೇಕು. ಮೊದಲ ಚಿತ್ರದಲ್ಲಿ ಬೇರಿನ ಕೆಳಗೆ ಕಪ್ಪಾಗಿದ್ದ ಜಾಗವು ಬೆಳ್ಳಗಾಗುತ್ತ ಬಂದಿದ್ದರೆ ಅಲ್ಲಿ ಎಲುಬು ಮತ್ತೆ ಬೆಳೆಯುತ್ತಿದೆಯೆಂದು ತಿಳಿಯತಕ್ಕದ್ದು.