ಕೋಲಾರದ ಒರೆಗಲ್ಲು

ದ್ರವ್ಯದ ಮೂಲಸ್ವರೂಪವನ್ನು ಕುರಿತ ಊಹಾಸಿದ್ಧಾಂತಗಳಲ್ಲಿ ಯಾವುದು ಗೌರವಾರ್ಹವಾದುದು, ಯಾವುದು ಬರಿಯ ಗಣಿತವಿಲಾಸ ಎಂದು ನಿಶ್ಚಯಿಸಬೇಕಾದರೆ, ಅವುಗಳ ಲಾವಣ್ಯವನ್ನಾಗಲಿ ಪ್ರತಿಪಾದಕರ ಕೀರ್ತಿಯನ್ನಾಗಲಿ ನೋಡದೆ, ತಾನು ಸುಳ್ಳಾಗಬಹುದಾದ ಸ್ಥಳವನ್ನು ಆ ಸಿದ್ಧಾಂತವೇ ತೋರಿಸಿಕೊಟ್ಟಿದೆಯೆ ಎಂದು ಕೇಳಬೇಕು. ಈ ಒರೆಗಲ್ಲಿಗೆ ಕನ್ನಡನಾಡಿನ ನೆಲದೊಳಗೇ ಒಂದು ಉಜ್ಜ್ವಲ ನಿದರ್ಶನವುಂಟು.

ಗುರುತ್ವವೊಂದನ್ನುಳಿದು ಪ್ರಕೃತಿಯ ಮಿಕ್ಕ ಮೂರು ಬಲಗಳೂ ಮೂಲತಃ ಒಂದೇ ಎಂದು 1974ರಲ್ಲಿ ಜಾರ್ಜೈ ಮತ್ತು ಗ್ಲಾಶೋ ಎಂಬ ವಿಜ್ಞಾನಿಗಳು ಪ್ರತಿಪಾದಿಸಿದರು. ಆ ವಾದದಿಂದ ಹೊರಟ ಫಲ ವಿಸ್ಮಯಕರವಾದುದು: ಪ್ರೋಟಾನು ಅಮರವಲ್ಲ, 1ರ ಮುಂದೆ ಸುಮಾರು 30 ಸೊನ್ನೆಗಳನ್ನಿಟ್ಟಷ್ಟು ವರ್ಷಗಳ ತರುವಾಯ ಅದೂ ಅಳಿಯತಕ್ಕದ್ದು. ವಿಶ್ವದ ವಯಸ್ಸೇ 1380 ಕೋಟಿ ವರ್ಷವಾಗಿರುವಲ್ಲಿ ಅಷ್ಟು ಕಾಲ ಕಾಯುವವರಾರು? ಆದರೆ 140 ಟನ್ ಕಬ್ಬಿಣವನ್ನು ಒಂದೆಡೆ ಕೂಡಿಸಿದರೆ ಅದರಲ್ಲಿ ಪ್ರೋಟಾನು ನ್ಯೂಟ್ರಾನುಗಳೆರಡೂ ಸೇರಿ 8ರ ಮುಂದೆ 31 ಸೊನ್ನೆಗಳಷ್ಟು ಕಣಗಳಿರುವುದರಿಂದ, ಸಿದ್ಧಾಂತ ನಿಜವಾದ ಪಕ್ಷದಲ್ಲಿ, ಕೆಲವಾದರೂ ವರ್ಷದೊಳಗೆ ಅಳಿಯಬೇಕಷ್ಟೆ.

ಅದನ್ನು ಗುರುತಿಸಲು ಭೂಮಿಯ ಮೇಲ್ಮೈ ತಕ್ಕ ಸ್ಥಳವಲ್ಲ. ಮೈಸೂರಿನ ರಾಜೀವನಗರದಲ್ಲಿ ಬಯಲಿಗೆ ಬಂದು ಅಂಗೈ ಚಾಚಿದವರ ಕೈಯನ್ನು, ವಿಶ್ವಕಿರಣಗಳಿಂದ ಹುಟ್ಟಿದ ಮ್ಯೂಆನ್ ಕಣವೊಂದು ಸೆಕೆಂಡಿಗೊಮ್ಮೆ ಎಂಬಂತೆ ತೂರಿಹೋಗುತ್ತಿರುತ್ತದೆ. ಈ ಕಣಗಳ ಗದ್ದಲದಲ್ಲಿ ಪ್ರೋಟಾನಿನ ಅಳಿವಿನ ಗುರುತು ಮುಚ್ಚಿಹೋಗುತ್ತದೆ. ಆಳದಲ್ಲಾದರೆ ಮೇಲಿನ ಬಂಡೆಯೇ ಅವುಗಳಲ್ಲಿ ಬಹುಪಾಲನ್ನು ತಡೆಯುತ್ತದೆ. ಆದುದರಿಂದಲೇ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯವರೂ ಜಪಾನಿನ ಒಸಾಕಾ ನಗರದ ವಿಜ್ಞಾನಿಗಳೂ ಕೂಡಿ, 1980ರ ವೇಳೆಗೆ, ಕೋಲಾರ ಚಿನ್ನದ ಗಣಿಯಲ್ಲಿ 2.3 ಕಿಲೋಮೀಟರ್ ಆಳದಲ್ಲಿ ಅಷ್ಟು ಕಬ್ಬಿಣವುಳ್ಳ ಪತ್ತೆಯಂತ್ರವೊಂದನ್ನು ನಿಲ್ಲಿಸಿದರು. ಅವರಲ್ಲೊಬ್ಬರಾದ ಬಿ.ವಿ. ಶ್ರೀಕಂಠನ್ ನಮ್ಮ ನಂಜನಗೂಡಿನ ಕಡೆಯವರು. 1951ರಷ್ಟು ಹಿಂದೆಯೇ ಆ ಗಣಿಗಿಳಿದು ಮ್ಯೂಆನುಗಳನ್ನು ಎಣಿಸಿದ್ದವರು. ಅವರ ಹೆಸರು ನಮ್ಮ ಶಾಲಾಪಠ್ಯಗಳಲ್ಲಿ ಇರಬೇಕಾದುದು ನ್ಯಾಯ.

ಕೋಲಾರದ ತಂಡವು ಪ್ರೋಟಾನಿನ ಅಳಿವಿರಬಹುದೆಂದು ತೋರಿದ ಕೆಲವು ಘಟನೆಗಳನ್ನು 1981ರಲ್ಲಿ ಪ್ರಕಟಿಸಿತು. ಅಮೆರಿಕ ಮತ್ತು ಜಪಾನುಗಳಲ್ಲಿ ನೀರು ತುಂಬಿ ನಿಲ್ಲಿಸಿದ ಇನ್ನೂ ದೊಡ್ಡ ಯಂತ್ರಗಳಲ್ಲಿ ಅದು ದೃಢಪಡಲಿಲ್ಲ. ಸಿದ್ಧಾಂತದ ಸರಳರೂಪವು ಬಿದ್ದುಹೋಯಿತು. ಇದನ್ನು ಸೋಲೆನ್ನುವುದು ಸಲ್ಲದು: ಪ್ರಕೃತಿ ಹಾಗಿಲ್ಲವೆಂಬುದು ಮನುಷ್ಯನಿಗೆ ತಿಳಿದುಬಂದಿತು, ಮತ್ತು ಅದು ಸಣ್ಣ ತಿಳಿವಲ್ಲ.

ಈಗಿನ ಊಹೆಗಳು ದ್ರವ್ಯವನ್ನು ದಾಟಿ ದೇಶಕಾಲವನ್ನೇ ಬಿಡಿಸಹೊರಟಿವೆ. ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯಲ್ಲಿಯೂ ಅಭ್ಯಾಸಗೊಳ್ಳುತ್ತಿರುವ ಒಂದು ಸಿದ್ಧಾಂತದ ಪ್ರಕಾರ ದೇಶಕಾಲವು ಅಖಂಡವಲ್ಲ, ಕಾರ್ಯಕಾರಣ ಸಂಬಂಧದಿಂದ ಹೆಣೆದ ಬಿಡಿ ಬಿಂದುಗಳ ಸಮೂಹ. ಅದರ ಪ್ರವರ್ತಕ ಸಾರ್ಕಿನ್, ಶೂನ್ಯಾಕಾಶದ ಶಕ್ತಿಯು ಎಷ್ಟರಮಟ್ಟಿನದಾಗಿರಬೇಕೆಂಬುದನ್ನು ಆ ಶಕ್ತಿಯ ಸುಳಿವು ಕೊಟ್ಟ 1998ರ ಖಗೋಳವೀಕ್ಷಣೆಗಳಿಗೆ ಮುಂಚೆಯೇ ಅಂದಾಜು ಮಾಡಿದ್ದರೆಂಬ ಕಾರಣಕ್ಕಾಗಿ, ಪರೀಕ್ಷೆ ಸಮೀಪಿಸಿದಾಗಲೆಲ್ಲ ದೂರ ಸರಿಯುವ ತಂತುಸಿದ್ಧಾಂತಕ್ಕಿಂತ ಇದಕ್ಕೆ ನಾನು ಹೆಚ್ಚಿನ ಮನ್ನಣೆ ಕೊಡುತ್ತೇನೆ.

ಊಹೆ ಮಾಡಲು ಕಾಗದ ಸಾಕು. ಪರೀಕ್ಷಿಸಲು ಆಳ ಬೇಕು. ಕೋಲಾರದ ಗಣಿ 2001ರಲ್ಲಿ ಮುಚ್ಚಿ ಸುರಂಗಗಳಲ್ಲಿ ನೀರು ನಿಂತಿದೆ. ಜಾರ್ಖಂಡದ ಜಾದುಗೂಡದಲ್ಲಿ ಈಗಿರುವ ಪ್ರಯೋಗಾಲಯದ ಆಳ 555 ಮೀಟರ್ ಮಾತ್ರ. ಗಣಿಯನ್ನು ಪುನಃ ತೆರೆಯುವ ಮಾತು ಬಂದಾಗಲೆಲ್ಲ ಚಿನ್ನದ ಲೆಕ್ಕವೊಂದೇ ಮುಂದಾಗುತ್ತದೆ. ಆ ಲೆಕ್ಕದ ಜೊತೆಗೆ ಒಂದು ಪ್ರಯೋಗಶಾಲೆಯ ಜಾಗವನ್ನೂ ಸರ್ಕಾರವು ಪರಿಶೀಲಿಸತಕ್ಕದ್ದು.