ಕಳೆದುಹೋದ ಎರಡು ನಿಮಿಷ

ಒಂಬತ್ತನೇ ತರಗತಿಯ ವಿಜ್ಞಾನದ ಪಾಠವೊಂದನ್ನು ಕಲ್ಪಿಸಿಕೊಳ್ಳಿ. ಶಾಲೆ ಕುಮಟಾ ತಾಲೂಕಿನದು. ಅಘನಾಶಿನಿ ಹೊಳೆಯ ದಂಡೆ ಅಲ್ಲಿಂದ ಹತ್ತು ನಿಮಿಷದ ನಡಿಗೆ. ಕಿಟಕಿ ತೆರೆದರೆ ಕಾಂಡ್ಲಾ ಗಿಡಗಳ ಕಡೆಯಿಂದ ಕೆಸರಿನ ವಾಸನೆ ಬರುತ್ತದೆ. ಆದರೆ ಈ ದಿನ ಕಿಟಕಿ ಮುಚ್ಚಿದೆ. ಬೆಳಕು ಬಂದರೆ ಪ್ರೊಜೆಕ್ಟರಿನ ಚಿತ್ರ ಕಾಣುವುದಿಲ್ಲವಲ್ಲ! ಪಾಠ ಗುರುತ್ವಾಕರ್ಷಣೆ, ಅದರೊಳಗೆ ಭರತ ಮತ್ತು ಇಳಿತ. ಗೋಡೆಯ ಮೇಲೆ ನೀಲಿ ಭೂಮಿ ತಿರುಗುತ್ತಿದೆ. ಅದರ ಸುತ್ತ ಸಮುದ್ರದ ನೀರು ಕೋಳಿಮೊಟ್ಟೆಯ ಹಾಗೆ ಎರಡೂ ಬದಿಗೆ ಉಬ್ಬಿದೆ. ಮಕ್ಕಳು ಕಣ್ಣರಳಿಸಿ ನೋಡುತ್ತಾರೆ. ಭರತ ದಿನವೂ ಸುಮಾರು 50 ನಿಮಿಷ ತಡವಾಗಿ ಬರುತ್ತದೆ ಎಂದು ಚಿತ್ರದ ಧ್ವನಿ ಹೇಳುತ್ತದೆ. ಗಂಟೆ ಬಾರಿಸುತ್ತದೆ. ಮಾಸ್ತರಿಗೆ ಪಾಠ ಚೆನ್ನಾಗಿ ಆಯಿತೆಂಬ ಸಮಾಧಾನ.

ಮರುದಿನ ಒಬ್ಬ ಹುಡುಗಿ ನೋಟ್‌ಪುಸ್ತಕ ಹಿಡಿದು ನಿಲ್ಲುತ್ತಾಳೆ.

“ಸರ್, ನಂಗೆ 50 ಬರ್ತಾ ಇಲ್ಲ. 48.8 ಬಂತು.”

ಮನೆಯ ಗೋಡೆಯ ಕ್ಯಾಲೆಂಡರ್ ನೋಡಿ ಅವಳು ಲೆಕ್ಕ ಮಾಡಿದ್ದಾಳೆ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸರಾಸರಿ 29 ದಿನ ಹನ್ನೆರಡೂ ಮುಕ್ಕಾಲು ಗಂಟೆ, ಅಂದರೆ ಹೆಚ್ಚುಕಡಿಮೆ ಇಪ್ಪತ್ತೊಂಬತ್ತೂವರೆ ದಿನ. ಈ ಅಮಾವಾಸ್ಯೆಗೆ ಒಂದು ಹೊತ್ತಿಗೆ ಬಂದ ಭರತ ದಿನದಿನವೂ ಹಿಂದೆ ಸರಿಯುತ್ತ, ಹಗಲಿನಿಂದ ರಾತ್ರಿಗೆ, ರಾತ್ರಿಯಿಂದ ಮತ್ತೆ ಹಗಲಿಗೆ ಬಂದು, ಮುಂದಿನ ಅಮಾವಾಸ್ಯೆಗೆ ಅದೇ ಹೊತ್ತಿಗೆ ನಿಲ್ಲುತ್ತದೆ. ಅಂದರೆ ಒಟ್ಟು ತಡ ಪೂರ್ತಿ 24 ಗಂಟೆ, 1440 ನಿಮಿಷ. ಅದನ್ನು 29.5ರಿಂದ ಭಾಗಿಸಿದರೆ 48.8. ಪುಸ್ತಕದ 50ಕ್ಕೂ ಇದಕ್ಕೂ ಒಂದೆರಡು ನಿಮಿಷದ ವ್ಯತ್ಯಾಸ.

ಮಾಸ್ತರು ಏನು ಹೇಳುತ್ತಾರೆ? ಅವರ ಮುಂದೆ ಇನ್ನೂ ಅರ್ಧ ಘಟಕ ಉಳಿದಿದೆ, ಮುಂದಿನ ವಾರ ಕಿರುಪರೀಕ್ಷೆ. “ಹತ್ತಿರ ಬಂದಿದೆ, ಜಾಣೆ. ಪರೀಕ್ಷೆಗೆ 50 ಅಂತಲೇ ಬರಿ” ಎನ್ನುತ್ತಾರೆ. ಹುಡುಗಿ ಕೂತುಕೊಳ್ಳುತ್ತಾಳೆ. ಪಾಠ ಮುಂದುವರಿಯುತ್ತದೆ. ಇಂಥ ಮಾತನ್ನು ಒಮ್ಮೆಯೂ ಆಡದ ಶಿಕ್ಷಕರು ಯಾವ ಊರಿನಲ್ಲೂ ಇರಲಾರರು. ಸಿಟ್ಟಿನ ಮಾತಲ್ಲ, ಅವಮಾನದ ಮಾತೂ ಅಲ್ಲ. ಆದರೂ ಆ ಹೊತ್ತಿಗೆ ತರಗತಿಯಲ್ಲಿ ಒಂದು ಬಾಗಿಲು ಮುಚ್ಚಿತು.

ನಮ್ಮ ಪಾಠಯೋಜನೆಯ ನಮೂನೆಗಳಲ್ಲಿ ‘ಶಿಕ್ಷಕರ ಸ್ವಾವಲೋಕನ’ ಎಂಬ ಅಂಕಣ ಇರುವುದುಂಟು. ಪಾಠ ಮುಗಿದ ಮೇಲೆ ಅದು ಹೇಗೆ ನಡೆಯಿತೆಂದು ಶಿಕ್ಷಕರು ತಮ್ಮಷ್ಟಕ್ಕೆ ಯೋಚಿಸಿ ಬರೆಯಬೇಕಾದ ಜಾಗ. ಬಹಳ ಕಡೆ ಅಲ್ಲಿ ಕಾಣುವ ವಾಕ್ಯ ಒಂದೇ: ‘ಮಕ್ಕಳು ಉತ್ಸಾಹದಿಂದ ಭಾಗವಹಿಸಿದರು.’ ಕೆಲವರು ಇದನ್ನು ಪಾಠಕ್ಕೆ ಮೊದಲೇ ಬರೆದಿಟ್ಟುಕೊಳ್ಳುವುದೂ ಉಂಟು! ತಪಾಸಣೆಗೆ ಬಂದವರು ನೋಡುವುದು ಅಂಕಣ ತುಂಬಿದೆಯೇ ಎಂಬುದನ್ನಷ್ಟೇ. ಹೀಗಿರುವಾಗ ಶಿಕ್ಷಕರನ್ನು ದೂರಿ ಫಲವಿಲ್ಲ. ಆದರೆ ಒಂದು ರಾತ್ರಿ ಆ ಅಂಕಣದಲ್ಲಿ ‘ಹುಡುಗಿಗೆ 48.8 ಬಂತು. ಏಕೆ ಎಂದು ನನಗೂ ಗೊತ್ತಾಗಲಿಲ್ಲ’ ಎಂದು ಬರೆದ ಮಾಸ್ತರರಿದ್ದರೆ, ಅಂದಿನಿಂದ ಅವರ ಪಾಠ ಬೇರೆಯಾಗುತ್ತದೆ.

ಲೆಕ್ಕಕ್ಕೇ ಬರೋಣ, ಏಕೆಂದರೆ ಅದರಲ್ಲಿ ಸ್ವಾರಸ್ಯವಿದೆ. ಗಡಿಯಾರದಲ್ಲಿ ಹನ್ನೆರಡು ಗಂಟೆಯ ಅವಧಿಯಲ್ಲಿ ನಿಮಿಷದ ಮುಳ್ಳು ಗಂಟೆಯ ಮುಳ್ಳನ್ನು ಎಷ್ಟು ಸಲ ದಾಟುತ್ತದೆ? ಹನ್ನೆರಡು ಎಂದು ಬಾಯಿಗೆ ಬರುತ್ತದೆ, ಎಣಿಸಿದರೆ ಹನ್ನೊಂದೇ. ಗಂಟೆಯ ಮುಳ್ಳೂ ಮುಂದೆ ಹೋಗುತ್ತಿರುವುದರಿಂದ ಒಂದು ಸುತ್ತು ಕಡಿಮೆಯಾಗುತ್ತದೆ. ಭೂಮಿ ಮತ್ತು ಚಂದ್ರರ ವಿಷಯವೂ ಹಾಗೆಯೇ. ಸೂರ್ಯ 29.5 ಸಲ ನೆತ್ತಿಯನ್ನು ಹಾಯುವ ಅವಧಿಯಲ್ಲಿ ಚಂದ್ರ ಹಾಯುವುದು 28.5 ಸಲ ಮಾತ್ರ. ಚಂದ್ರನ ‘ದಿನ’ ನಮ್ಮ ದಿನಕ್ಕಿಂತ ಉದ್ದ. ಭರತ ಚಂದ್ರನ ದಿನವನ್ನು ಅನುಸರಿಸುವುದರಿಂದ ಒಂದು ಭರತದಿಂದ ಮರುದಿನದ ಅದೇ ಭರತಕ್ಕೆ ಎಷ್ಟು ತಡವೆಂದು ಕೇಳಿದರೆ 1440ನ್ನು 28.5ರಿಂದ ಭಾಗಿಸಬೇಕು. ಉತ್ತರ 50.5. ಪುಸ್ತಕ ಹೇಳುವುದು ಇದನ್ನು. ಗಡಿಯಾರದ 24 ಗಂಟೆಗೆ ಎಷ್ಟು ತಡ ಸೇರುತ್ತದೆಂದು ಕೇಳಿದರೆ ಹುಡುಗಿಯ 48.8 ಸರಿ.

ಇನ್ನೂ ಒಂದಿದೆ. ಆ ಹುಡುಗಿ ಮನೆಯಲ್ಲಿ ಅಜ್ಜನ ಪಂಚಾಂಗ ತೆಗೆದು ದಿನದ ಬದಲು ತಿಥಿ ಎಣಿಸಿದ್ದರೆ? ಅಮಾವಾಸ್ಯೆಯಿಂದ ಅಮಾವಾಸ್ಯೆಗೆ 30 ತಿಥಿ. 1440ನ್ನು 30ರಿಂದ ಭಾಗಿಸಿದರೆ ಸರಿಯಾಗಿ 48; ಶೇಷವೇ ಇಲ್ಲ. ಚಂದ್ರ ಸೂರ್ಯನಿಂದ 12 ಡಿಗ್ರಿ ದೂರ ಸರಿಯುವ ಅವಧಿಯೇ ತಿಥಿ. ಸರಾಸರಿ 24 ಗಂಟೆಗಿಂತ ಸ್ವಲ್ಪ ಕಡಿಮೆ. ಆದುದರಿಂದ ತಡವೂ ಸ್ವಲ್ಪ ಕಡಿಮೆ. ಸೂರ್ಯನ ದಿನ, ಚಂದ್ರನ ದಿನ, ತಿಥಿ ಎಂಬ ಮೂರು ಅಳತೆಗೆ ಮೂರು ಉತ್ತರ, ಮೂರೂ ಸರಿ. ಒಂದು ಇಡೀ ಪೀರಿಯಡ್ಡಿನ ಪಾಠ ಆ ಎರಡು ನಿಮಿಷದಲ್ಲಿ ಅಡಗಿತ್ತು.

ಇಲ್ಲಿ ಯಂತ್ರದ ಪಾತ್ರವೇನು? ಪ್ರೊಜೆಕ್ಟರ್ ಕೆಟ್ಟದ್ದಲ್ಲ. ಚಂದ್ರನನ್ನು ತರಗತಿಯೊಳಗೆ ತಂದು ತಿರುಗಿಸುವುದು ಸೀಮೆಸುಣ್ಣದಿಂದ ಆಗದ ಕೆಲಸ. ಆದರೆ ಚಿತ್ರ ತೋರಿಸಿದ ಭೂಮಿಯಲ್ಲಿ ಖಂಡಗಳು ನೀರಿಗೆ ಅಡ್ಡ ಬರುವುದಿಲ್ಲ, ಹೊಳೆಗಳಿಲ್ಲ, ಆಳ ಕಡಿಮೆಯ ಕರಾವಳಿಯಿಲ್ಲ. ಉಬ್ಬಿದ ನೀರು ಚಂದ್ರನ ನೇರ ಕೆಳಗೇ ನಿಂತಿರುತ್ತದೆ. ನಿಜವಾದ ಕಡಲಲ್ಲಿ ಚಂದ್ರ ನೆತ್ತಿಗೆ ಬಂದ ಗಳಿಗೆಗೂ ಭರತ ತುಂಬಿದ ಗಳಿಗೆಗೂ ಊರೂರಿಗೆ ಬೇರೆಬೇರೆ ಅಂತರ. ಇದನ್ನು ಪರದೆ ಹೇಳಲಿಲ್ಲ. ಹೊಳೆ ಹೇಳುತ್ತದೆ, ಮತ್ತು ಆ ತರಗತಿಯ ಎಷ್ಟೋ ಮಕ್ಕಳ ಮನೆಯವರಿಗೆ ಅದು ಗೊತ್ತು. ಇಳಿತದ ಹೊತ್ತು ನೋಡಿ ಬಳಚು ಹೆಕ್ಕಲು ಹೋಗುವ ತಾಯಂದಿರಿದ್ದಾರೆ. ಸಾಣಿಕಟ್ಟೆಯ ಉಪ್ಪಿನ ಆಗರದವರಿಗೆ ದೊಡ್ಡ ಭರತದ ದಿನ ಯಾವುದೆಂದು ತಿಳಿಯದಿದ್ದರೆ ಕೆಲಸವೇ ಸಾಗದು. ಗಜನಿ ಗದ್ದೆಯಲ್ಲಿ ಕಗ್ಗದ ಭತ್ತ ಬೆಳೆದು, ಕೊಯ್ಲಿನ ನಂತರ ಕಟ್ಟೆಯ ಬಾಗಿಲು ತೆರೆದು ಉಪ್ಪುನೀರನ್ನೂ ಅದರ ಜೊತೆ ಶೆಟ್ಲಿಯನ್ನೂ ಒಳಗೆ ಬಿಟ್ಟುಕೊಳ್ಳುವ ರೈತನ ಲೆಕ್ಕವೆಲ್ಲ ನಿಂತಿರುವುದು ಇದೇ ಏರಿಳಿತದ ಮೇಲೆ. ಅಣೆಕಟ್ಟಿಲ್ಲದೆ ಹರಿಯುವ ಈ ಹೊಳೆಯ ಅಳಿವೆಯನ್ನು 2024ರಲ್ಲಿ ರಾಮ್ಸರ್ ತಾಣಗಳ ಪಟ್ಟಿಗೆ ಸೇರಿಸಲಾಯಿತು. ಅಂಥ ಪ್ರಯೋಗಶಾಲೆಯ ಕಡೆಯ ಕಿಟಕಿಯನ್ನು ಮುಚ್ಚಿ ನಾವು ಗೋಡೆಯ ಮೇಲೆ ಕಡಲನ್ನು ತೋರಿಸುತ್ತಿದ್ದೇವೆ!

ಪಾಠವನ್ನು ತಿರುಗಿಸಿ ಮಾಡಬಹುದು. ಧಕ್ಕೆಯ ಕಂಬವೊಂದಕ್ಕೆ ಹತ್ತು ಹತ್ತು ಸೆಂಟಿಮೀಟರಿಗೆ ಬಣ್ಣದ ಗೆರೆ ಎಳೆಯುವುದು. ಭಾನುವಾರ ಬೆಳಗಿನಿಂದ ಸಂಜೆಯವರೆಗೆ ಅರ್ಧ ಗಂಟೆಗೊಮ್ಮೆ, ಒಂದೇ ಜಾಗದಲ್ಲಿ ನಿಂತು, ಮೊಬೈಲಿನಲ್ಲಿ ಅದರ ಫೋಟೋ ತೆಗೆಯುವುದು. ಫೋಟೋದ ಜೊತೆ ಸಮಯ ತಾನಾಗಿಯೇ ದಾಖಲಾಗುತ್ತದೆ. ಆಮೇಲೆ ತಿದ್ದಿ ಬರೆಯುವ ಆಸೆಗೆ ಎಡೆಯಿಲ್ಲ. ಸೋಮವಾರ ಆ ಅಂಕಿಗಳನ್ನು ಗ್ರಾಫ್ ಹಾಳೆಯ ಮೇಲೆ ಹಾಕಿದರೆ ನೀರು ಮೊದಲು ನಿಧಾನ, ನಡುವೆ ವೇಗ, ತುಂಬುವ ಹೊತ್ತಿಗೆ ಮತ್ತೆ ನಿಧಾನವಾಗಿ ಏರುವುದು ಕಾಣುತ್ತದೆ. ಶಾಲೆಯಲ್ಲಿ ಕಂಪ್ಯೂಟರ್ ಇದ್ದರೆ ಜಿಯೋಜೀಬ್ರಾದಲ್ಲಿ ಅದೇ ಬಿಂದುಗಳಿಗೆ ಅಲೆಯಾಕಾರದ ರೇಖೆ ಹೊಂದಿಸಬಹುದು. ಇದು ಆಸ್ಟ್ರಿಯಾದ ಮಾರ್ಕುಸ್ ಹೋಹೆನ್‌ವಾರ್ಟರ್ 2001ರಲ್ಲಿ ಆರಂಭಿಸಿದ ತಂತ್ರಾಂಶ, ಶಾಲೆಗಳಿಗೆ ಉಚಿತ. ಮಕ್ಕಳ ಅಂಕಿಗಳನ್ನು ಭಾರತೀಯ ಸರ್ವೇಕ್ಷಣಾ ಇಲಾಖೆ ವರ್ಷವರ್ಷ ಪ್ರಕಟಿಸುವ ಭರತದ ಕೋಷ್ಟಕದೊಂದಿಗೆ ಹೋಲಿಸಬಹುದು. ಒಂದು ದಿನದ ಎರಡು ಭರತಗಳ ಎತ್ತರ ಸಮನಾಗಿರದಿದ್ದರೆ ಅದು ಅಳತೆಯ ತಪ್ಪೇ ಆಗಬೇಕಿಲ್ಲ. ಚಂದ್ರ ಸಮಭಾಜಕದ ನೇರಕ್ಕಿಲ್ಲದೆ ಉತ್ತರಕ್ಕೋ ದಕ್ಷಿಣಕ್ಕೋ ಸರಿದಿದ್ದಾಗ ಹೀಗಾಗುತ್ತದೆ; ನಮ್ಮ ಪಶ್ಚಿಮ ಕರಾವಳಿಯಲ್ಲಿ ಇದು ಚೆನ್ನಾಗಿ ಕಾಣುತ್ತದೆ.

ಪಾಲಕರ ಮುಖದಲ್ಲಿ ಇಷ್ಟರಲ್ಲಿ ಎರಡು ಚಿಂತೆ ಮೂಡಿರಬಹುದು. ಮೊದಲನೆಯದು ನೀರಿನ ಭಯ. ಅದು ನ್ಯಾಯವಾದದ್ದೇ. ಅಳಿವೆಯ ಸೆಳೆತ ಮೇಲಿನಿಂದ ಕಾಣುವುದಿಲ್ಲ, ಇಳಿತದ ಕೆಸರಿನಲ್ಲಿ ಕಾಲು ಹೂತರೆ ಕೀಳುವುದು ಕಷ್ಟ. ಹಿರಿಯರಿಲ್ಲದೆ, ಧಕ್ಕೆಯಿಂದ ಕೆಳಗಿಳಿದು ಈ ಅಳತೆ ಮಾಡಬಾರದು. ಮಳೆಗಾಲದಲ್ಲಂತೂ ಬೇಡವೇ ಬೇಡ. ಎರಡನೆಯದು ಮೊಬೈಲು. ಇದರ ಬಗ್ಗೆ ಸ್ವಲ್ಪ ನಿಂತು ಮಾತನಾಡಬೇಕು.

2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದಾಗ ಪಾಠವೆಲ್ಲ ಮೊಬೈಲಿಗೆ ಬಂತು. ಮನೆಗೊಂದೇ ಮೊಬೈಲು ಇದ್ದಲ್ಲಿ ಅದು ಬೆಳಿಗ್ಗೆ ಅಪ್ಪನ ಜೊತೆ ದೋಣಿಗೋ ಕೆಲಸಕ್ಕೋ ಹೋಗುತ್ತಿತ್ತು. ಘಟ್ಟದ ಅಂಚಿನ ಊರುಗಳಲ್ಲಿ ಸಿಗ್ನಲ್ ಹುಡುಕಿ ಗುಡ್ಡ ಹತ್ತಿದ ಮಕ್ಕಳನ್ನು ಉತ್ತರ ಕನ್ನಡದ ಜನ ಮರೆತಿಲ್ಲ. ಆ ವರ್ಷ ಜುಲೈಯಿಂದ ದೂರದರ್ಶನ ಚಂದನದಲ್ಲಿ ಪ್ರೌಢಶಾಲೆಯ ‘ಸಂವೇದ’ ಪಾಠಗಳು ಬಂದವು. ಆಗಸ್ಟಿನಲ್ಲಿ ಆರಂಭವಾದ ‘ವಿದ್ಯಾಗಮ’ದಲ್ಲಿ ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋಗಿ, ಗುಡಿಯ ಜಗಲಿ, ಮರದ ನೆರಳುಗಳಲ್ಲಿ ಕಲಿಸಿದರು. ಟಿ.ವಿ. ಪಾಠ ಅಚ್ಚುಕಟ್ಟಾಗಿತ್ತು. ಆದರೆ ನೋಟ್‌ಪುಸ್ತಕ ಹಿಡಿದು “ನಂಗೆ 48.8 ಬಂತು” ಎಂದು ಎದ್ದು ನಿಲ್ಲಲು ಅಲ್ಲಿ ಜಾಗವಿರಲಿಲ್ಲ, ಜಗಲಿಯ ಮೇಲೆ ಇತ್ತು.

ಇದು ಹೊಸ ಪಾಠವೂ ಅಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಅಮೆರಿಕದ ಎ.ಟಿ.ಎಸ್.-6 ಉಪಗ್ರಹದ ಮೂಲಕ ‘ಸೈಟ್’ ಎಂಬ ಪ್ರಯೋಗ ನಡೆದಿತ್ತು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿ.ವಿ. ಕಾರ್ಯಕ್ರಮ ತಲುಪಿಸಿದ ಈ ಪ್ರಯೋಗದಲ್ಲಿ ನಮ್ಮ ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಇದ್ದವು. ಬೆಳಿಗ್ಗೆ ಶಾಲಾ ಮಕ್ಕಳಿಗೆ ಕಾರ್ಯಕ್ರಮ. ರಜೆಯಲ್ಲಿ ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿ. ಮುಂದೆ 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಹಾರಿತು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಅದರ ಮೂಲಕ ಕನ್ನಡದಲ್ಲೇ ಪಾಠಗಳು ಬಂದವು. 2010ರಲ್ಲಿ ಆ ಉಪಗ್ರಹದ ಸೇವೆ ಮುಗಿಯಿತು. ಸಾಧನ ಬದಲಾಗುತ್ತ ಹೋಯಿತು. ಆಮೇಲೆ ಮಗು ಏನು ಕೇಳಿತು, ಶಿಕ್ಷಕರು ಏನು ಮಾಡಿದರು ಎಂಬುದು ಮಾತ್ರ ಆಯಾ ತರಗತಿಗೇ ಉಳಿದ ವಿಷಯ.

ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ 16 ಶಾಲೆಗಳಿಂದ ಆರಂಭವಾಗಿ 2002ರವರೆಗೆ ನಡೆದ ವಿಜ್ಞಾನ ಶಿಕ್ಷಣ ಕಾರ್ಯಕ್ರಮದವರು ಈ ವಿಷಯವನ್ನು ಚೆನ್ನಾಗಿ ಅರಿತಿದ್ದರು. ಅಲ್ಲಿ ಮಕ್ಕಳು ಪ್ರಯೋಗ ಮಾಡಿಯೇ ಕಲಿಯಬೇಕು. ಹಾಗೆ ಮಾಡಿದಾಗ ಮಾಸ್ತರಿಗೆ ಗೊತ್ತಿಲ್ಲದ ಉತ್ತರಗಳು ಬಂದೇ ಬರುತ್ತವೆ. ಅದಕ್ಕಾಗಿ ಶಿಕ್ಷಕರು ತಿಂಗಳಿಗೊಮ್ಮೆ ಒಂದೆಡೆ ಸೇರಿ ತಮ್ಮ ತರಗತಿಯಲ್ಲಿ ಏನು ಎಡವಟ್ಟಾಯಿತೆಂದು ಮಾತನಾಡಿಕೊಳ್ಳುವ ಏರ್ಪಾಡು ಇತ್ತು. ನಮ್ಮ ರಾಜ್ಯದಲ್ಲಿಯೂ 2011ರಿಂದ ಗಣಿತ, ವಿಜ್ಞಾನ, ಸಮಾಜ ವಿಜ್ಞಾನಗಳ ಸರಕಾರಿ ಪ್ರೌಢಶಾಲಾ ಶಿಕ್ಷಕರಿಗೆ ಕಂಪ್ಯೂಟರ್ ಬಳಸಿ ತಾವೇ ಪಾಠಸಾಮಗ್ರಿ ಮಾಡಿಕೊಳ್ಳುವ, ಅದನ್ನು ಕನ್ನಡದಲ್ಲಿ ಪರಸ್ಪರ ಹಂಚಿಕೊಳ್ಳುವ ತರಬೇತಿಗಳು ನಡೆದವು. ಒಳ್ಳೆಯದೇ. ಆದರೆ ಶಿಕ್ಷಕರು ಹಂಚಿಕೊಳ್ಳುವುದು ಸಾಮಾನ್ಯವಾಗಿ ಚೆನ್ನಾಗಿ ನಡೆದ ಪಾಠವನ್ನು. “ಹತ್ತಿರ ಬಂದಿದೆ, ಕೂತ್ಕೋ” ಎಂದ ದಿನದ ಪಾಠವನ್ನು ಯಾರೂ ತಂದು ತೋರಿಸುವುದಿಲ್ಲ. ಹೆಚ್ಚು ಕಲಿಯಲಿಕ್ಕೆ ಇರುವುದು ಅದರಲ್ಲೇ.

ಮಾಸ್ತರು ಮರುದಿನ ತರಗತಿಗೆ ಬಂದು, “ನಿನ್ನೆ ನಾನು ಅವಸರ ಮಾಡಿದೆ. ಇವಳ ಲೆಕ್ಕ ತಪ್ಪಲ್ಲ. ಹಾಗಾದರೆ ಪುಸ್ತಕ ತಪ್ಪೇ?” ಎಂದು ಕೇಳಿದರೆ ಅವರ ಗೌರವ ಕಡಿಮೆಯಾಗುತ್ತದೆಯೇ? ಕೆಲವು ಪಾಲಕರು ಹಾಗೆ ತಿಳಿಯುತ್ತಾರೆ. ಮಾಸ್ತರಿಗೇ ಗೊತ್ತಿಲ್ಲವಂತೆ ಎಂದು ಚಹದ ಅಂಗಡಿಯಲ್ಲಿ ಮಾತಾಗುತ್ತದೆ. ಆ ಮಾತಿನ ಅಂಜಿಕೆಯಿಂದಲೇ ಎಷ್ಟೋ ಪ್ರಶ್ನೆಗಳು ತರಗತಿಯಲ್ಲಿ ಸಾಯುತ್ತವೆ. ಅಂಕಗಳ ಚಿಂತೆಗೂ ಕಾರಣವಿಲ್ಲ. ಪರೀಕ್ಷೆಯಲ್ಲಿ ಅವಳು 50 ಎಂದೇ ಬರೆಯುತ್ತಾಳೆ, ಯಾವ ದಿನದ 50 ಎಂಬುದು ಗೊತ್ತಿದ್ದು ಬರೆಯುತ್ತಾಳೆ.

ಇನ್ನು ಮಾಡಿ ನೋಡಬೇಕಾದ ಒಂದು ಅಳತೆ ಉಳಿದಿದೆ. ತದಡಿಯ ಧಕ್ಕೆಯಲ್ಲಿ ನೀರು ಇಳಿಯತೊಡಗಿದ ಮೇಲೂ ಮೇಲ್ಗಡೆ ಮಿರ್ಜಾನದ ಕಡೆ ಅದು ಕೆಲಹೊತ್ತು ಏರುತ್ತಲೇ ಇರುತ್ತದೆ. ಭರತ ಹೊಳೆಯೊಳಗೆ ಹೋಗಿ ಮುಟ್ಟಲು ಸಮಯ ಬೇಕು. ಎಷ್ಟು ಸಮಯ? ಎರಡು ಕಡೆಯ ಎರಡು ಶಾಲೆಗಳು ಒಂದೇ ದಿನ, ಒಂದೇ ಬಗೆಯ ಗೆರೆ ಹಾಕಿದ ಕಂಬದ ಫೋಟೋ ಹತ್ತು ನಿಮಿಷಕ್ಕೊಮ್ಮೆ ತೆಗೆದರೆ ತಿಳಿಯುತ್ತದೆ. ಹುಣ್ಣಿಮೆ ಅಥವಾ ಅಮಾವಾಸ್ಯೆಯ ಆಸುಪಾಸು ಭಾನುವಾರ ಬಂದರೆ ಅನುಕೂಲ. ಆಗ ಏರಿಳಿತ ದೊಡ್ಡದು. ಕ್ಯಾಲೆಂಡರ್ ನೋಡಿ ದಿನ ಗೊತ್ತುಮಾಡುವ ಕೆಲಸವನ್ನು ಆ ಹುಡುಗಿಗೇ ಒಪ್ಪಿಸಬಹುದು.